ರಸೀದಿಯ ಹಿಂಬದಿ

ಕಂಕನಾಡಿಯ ಸ್ಕ್ಯಾನಿಂಗ್ ಸೆಂಟರಿನ ಕಿಟಕಿಯೊಳಗೆ
ಹತ್ತೊಂಬತ್ತು ವರ್ಷದಿಂದ ಕೂತಿದ್ದೇನೆ ನಾನು, ಐವಿ ಕುಟಿನ್ಹೊ.
ಹಣ ಎಣಿಸುವುದು, ಬಳೆ ಕಾಲುಂಗುರ ತೆಗೆಸುವುದು,
ಸಂಜೆ ದೊಡ್ಡ ಲಕೋಟೆಗಳನ್ನು ಹೆಸರು ಕೂಗಿ ಕೊಡುವುದು.

ಲಕೋಟೆ ಒಡೆದವರ ಮುಖ ನನಗೆ ಬಾಯಿಪಾಠ.
ಏನಾದರೂ ಇದ್ದರೆ ಹೆದರುತ್ತಾರೆ, ಅದು ಸರಿ.
ಏನೂ ಇಲ್ಲದವರು ಉಂಟಲ್ಲ, ಮಾರಾಯ್ರೆ,
ಅವರು ಕುಸಿಯುತ್ತಾರೆ.

"ಏನೂ ಇಲ್ಲವಂತೆ" ಎಂದಳು ಬೆಂಗ್ರೆಯ ಜಲಜಾಕ್ಷಿ.
ಮೀನಿನ ಬುಟ್ಟಿ ಇಳಿಸಿ ನಾಲ್ಕು ವರ್ಷವಾದರೂ
ಕುತ್ತಿಗೆಯ ಮೇಲೆ ಬುಟ್ಟಿ ಹಾಗೇ ಕೂತಿದೆ.
"ಹಾಗಾದರೆ ಬೆಳಗಿನ ಜಾವ ನನ್ನನ್ನು ಎಬ್ಬಿಸುವುದು ಯಾರು?"

ಆ ಪ್ರಶ್ನೆಗೆ ಈ ಕಿಟಕಿಯಲ್ಲಿ ದರಪಟ್ಟಿ ಇಲ್ಲ.

ನನಗೂ ಇತ್ತು. ದವಡೆಯಿಂದ ಕಿವಿಗೆ, ಏಳು ವರ್ಷ.
ಎರಡು ಒಳ್ಳೆಯ ಹಲ್ಲು ಕೀಳಿಸಿಕೊಂಡೆ;
ಅವು ಸುಮ್ಮನೆ ಹೋದವು, ಪಾಪ, ಸಾಕ್ಷಿ ಹೇಳದೆ.
ಆಮೇಲೆ ಒಬ್ಬರು, ಬೆಂದೂರಿನ ಸಣ್ಣ ಕೋಣೆಯಲ್ಲಿ,
ಬಾಯಿ ತೆರೆಸದೆಯೇ ಕೇಳಿದರು:
"ನೀವು ಹಲ್ಲು ಕಚ್ಚಿ ಸಹಿಸುತ್ತಿರುವುದು ಯಾವಾಗಿನಿಂದ?"
ಉತ್ತರ ಹೇಳಲಿಕ್ಕೆ ಮೂರು ಗುರುವಾರ ಬೇಕಾಯಿತು.
ಅದನ್ನು ಇಲ್ಲಿ ಬರೆಯುವುದಿಲ್ಲ.

ಅಂದಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ, ಹಾಲಿನ ಲೆಕ್ಕದ್ದು.
ಕದ್ರಿ: ತುಳು ಬರುತ್ತದೆ, ಬ್ಯಾರಿ ಅರ್ಥವಾಗುತ್ತದೆ, ಗಡಿಯಾರ ನೋಡುವುದಿಲ್ಲ.
ಬಿಜೈ: ಮೂರನೇ ಮಾಳಿಗೆ, ಲಿಫ್ಟ್ ಇಲ್ಲ, ಮೊಣಗಂಟಿನವರಿಗೆ ಬೇಡ.
ಉಡುಪಿ: ಶನಿವಾರ ಮಾತ್ರ. ಫೀಸು ಕಮ್ಮಿ ಮಾಡುತ್ತಾರೆ, ಬಾಯಿಬಿಟ್ಟು ಕೇಳಬೇಕು.
ಇನ್ನೊಬ್ಬರು "ಒಳ್ಳೆಯದನ್ನೇ ಯೋಚಿಸಿ" ಅಂದರು; ಗೀಟು ಎಳೆದಿದ್ದೇನೆ.
ಸೇರಿಸುವ ಮೊದಲು ಫೋನಿನಲ್ಲಿ ಒಂದೇ ಪರೀಕ್ಷೆ:
"ನೋವು ನಿಜವಾ, ಸರ್?"
"ನಿಜವೇ" ಎನ್ನಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಎಣಿಸುತ್ತೇನೆ.

ಕೊಡುವುದೇ ಕಷ್ಟ.
ಡಾಕ್ಟರು ಪೂರಾ ನೋಡಿ ಆಯಿತಾ ಎಂದು ಕೇಳಿ
ರಸೀದಿಯ ಹಿಂಬದಿ ನಂಬರು ಬರೆದು ಮೆಲ್ಲ ದೂಡುತ್ತೇನೆ.
"ಮನಸ್ಸಿನ" ಎಂಬ ಪದ ಬಾಯಿಂದ ಬಿದ್ದರೆ ಮುಗಿಯಿತು.
"ನನಗೆ ಮಂಡೆ ಸಮ ಇಲ್ಲ ಅಂತ ಹೇಳುವುದಾ?" ಎಂದು
ಪದ್ಮಯ್ಯ ಪೂಜಾರಿ, ಸಿಟಿ ಬಸ್ಸಿನ ಕಂಡಕ್ಟರ್,
ನನ್ನೆದುರೇ ರಸೀದಿ ಹರಿದ, ಟಿಕೆಟಿನಷ್ಟೇ ನೀಟಾಗಿ.
ಚೂರು ಎರಡನ್ನೂ ಕಸದ ಬುಟ್ಟಿಗೆ ಹಾಕಲಿಲ್ಲ ಎಂಬುದು
ಬಾಗಿಲು ಮುಚ್ಚುವಾಗ ಹೊಳೆಯಿತು.

ಮನೆಯಲ್ಲಿ ಕೊಂಕಣಿ, ಕನ್ನಡ ನಾನು ಶಾಲೆಯಲ್ಲಿ ಕಲಿತದ್ದು.
ಕಲಿತವಳಿಗೇ ಇಂಥದು ಕಾಣುವುದೋ ಏನೋ:
ಸೊಂಟ ನೋಯುತ್ತದೆ, ಹಲ್ಲು ನೋಯುತ್ತದೆ;
"ನೊಂದಳು" ಎಂದರೆ ಮಾತ್ರ
ಯಾರೂ ಸೊಂಟ ಮುಟ್ಟಿ ನೋಡುವುದಿಲ್ಲ.
ಒಂದೇ ಧಾತು. ಇವತ್ತಿನದು ಮೈಗೆ,
ನಿನ್ನೆಯದು ಮನಸ್ಸಿಗೆ.
ನಡುವಿನ ಗೋಡೆ ನಮ್ಮ ಯಂತ್ರದಲ್ಲಿ ಇದುವರೆಗೆ ಕಂಡದ್ದಿಲ್ಲ.

ಐದು ತಿಂಗಳು ಕಳೆದು ಪದ್ಮಯ್ಯ ಬಂದ. ಸ್ಕ್ಯಾನಿಗಲ್ಲ.
ಆರನೆಯ ಅಂಕೆ ಹರಿದ ಜಾಗದಲ್ಲೇ ಇತ್ತಂತೆ,
ಎರಡು ಮನೆಗೆ ಫೋನು ತಪ್ಪಿ ಹೋಯಿತಂತೆ.
"ಐವಿ ಬಾಯಿ, ಬಸ್ಸು ಯಾವಾಗಲೋ ನಿಂತಿದೆ,
ಸೀಟಿ ಮಾತ್ರ ಊದುತ್ತಾ ಉಂಟು.
ಇದು ಅವರು ಹೇಳಿದ್ದಲ್ಲ, ನಾನು ಹೇಳಿದ್ದು. ಅವರು ಬರೆದುಕೊಂಡರು."
ಮತ್ತೆ ಸೊಂಟ?
"ಉಂಟು. ಕೆಲವು ದಿನ ಪಂಪ್‌ವೆಲ್ಲಿನಿಂದ ಸ್ಟೇಟ್‌ಬ್ಯಾಂಕ್ ತನಕ
ಉಂಟು ಅಂತಲೇ ಮರೆತುಹೋಗುತ್ತದೆ."

ಜಲಜಾಕ್ಷಿ ಹೋಗಲಿಲ್ಲ.
ಕಡವು ದಾಟಿ, ಎರಡು ಬಸ್ಸು ಹಿಡಿದು,
ಒಬ್ಬರೆದುರು ಉಸಿರಾಡಿ ಬರಲಿಕ್ಕೆ ದುಡ್ಡು ಕೊಡುವುದೆಂದರೆ ಅವಳಿಗೆ ನಗು.
ತಪ್ಪೇನಿಲ್ಲ. ಅದಕ್ಕೇ ಈಗ ವಿಚಾರಿಸುತ್ತಿದ್ದೇನೆ,
ದೋಣಿ ಹತ್ತಿ ಆಚೆ ಬರುವವರು ಯಾರಾದರೂ ಇದ್ದಾರಾ ಎಂದು.
ಪುಸ್ತಕದಲ್ಲಿ "ಬೆಂಗ್ರೆ" ಎಂದು ಬರೆದು,
ಮುಂದಿನ ಜಾಗ ಖಾಲಿ ಬಿಟ್ಟಿದ್ದೇನೆ.