ನಾಲ್ಕು ಲೀಟರು

ಕುಡಿ, ಕೋಡಿ. ಮೂಗು ಹಿಡಿದುಕೊಂಡು ಕುಡಿ.
ಕಾಲು ಗಂಟೆಗೊಂದು ಲೋಟ, ಜಗ್ಗು ಬರಿದಾಗುವವರೆಗೆ.
ಉಪ್ಪುನೀರಿಗೆ ನಿಂಬೆಹಣ್ಣಿನ ಸುಳ್ಳು ಬೆರೆಸಿದ ಹಾಗಿದೆ,
ನನಗೆ ಗೊತ್ತು.
ಬಚ್ಚಲ ದೀಪ ಹಚ್ಚಿಟ್ಟಿದ್ದೇನೆ. ಇವತ್ತೊಂದು ರಾತ್ರಿ
ನನ್ನೆದುರು ನಾಚಿಕೆ ಬೇಡ.

ಏಳು ಗಂಟೆ ಕಾರು ಓಡಿಸಿದೆ ಮಂಜಿನಲ್ಲಿ,
ಮೂಸ್ ಜಿಂಕೆ ಗೋಡೆಯಂತೆ ಅಡ್ಡ ನಿಲ್ಲುವ ಹೆದ್ದಾರಿಯಲ್ಲಿ.
ಗ್ಯಾಂಡರ್ ದಾಟುವವರೆಗೂ ನೀನು ತುಟಿ ಬಿಚ್ಚಲಿಲ್ಲ.
ಆಮೇಲೆ ಒಂದೇ ಪ್ರಶ್ನೆ:
ಲೀಂಡರ್ ದೊಡ್ಡಪ್ಪನೂ ಇದೇ ದಾರಿಯಲ್ಲಿ ಬಂದಿದ್ದನಾ?

ಇಲ್ಲ. ಮೀನಿನ ಸೀಸನ್ನು ಮುಗಿಯಲಿ ಅಂದ.
ಸೆಪ್ಟೆಂಬರಿನಲ್ಲಿ ಅವನ ಪೆಟ್ಟಿಗೆ ಹೊತ್ತವರಲ್ಲಿ
ನಿನ್ನಪ್ಪನೂ ಇದ್ದ.

ಅಜ್ಜ ಕಾಡ್ ಮೀನು ಸೀಳುವ ಮೇಜಿಗೆ ಆತು ನಿಂತು
ಒಂದೇ ಎಳೆತಕ್ಕೆ ಕರುಳು ಕಿತ್ತು ಕಡಲಿಗೆಸೆಯುತ್ತಿದ್ದನಂತೆ.
ತನ್ನ ಕರುಳನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.
ಅವನು ನಲವತ್ತಮೂರಕ್ಕೆ. ಆಲ್ಫ್ರೆಡಾ ದೊಡ್ಡಮ್ಮ ಮೂವತ್ತೊಂಬತ್ತಕ್ಕೆ.
ನನ್ನಮ್ಮ ನಲವತ್ತರ ಕೇಕು ಕತ್ತರಿಸಿ ಎಲ್ಲರಿಗೂ ಹಂಚಿ
ತಾನು ಚಮಚ ನೆಕ್ಕಿ ಕೆಳಗಿಟ್ಟಳು.
ಡಾಲಿಮೌಂಟರ ಹೊಟ್ಟೆ ಅನ್ನುತ್ತಿದ್ದರು ಬಂದರಿನಲ್ಲಿ,
ಡಾಲಿಮೌಂಟರ ಕೆಂಪು ಕೂದಲು ಅಂದ ಹಾಗೆ.

ನನಗೆ ಇಪ್ಪತ್ತಾರು. ಫ್ಯಾಕ್ಟರಿಯಲ್ಲಿ ಏಡಿ ಸುಲಿಯುವ ಸಾಲು.
ರಕ್ತ ಕಂಡಿತು. ಮೂಲವ್ಯಾಧಿ ಅಂದರು,
ಈ ಪ್ರಾಯಕ್ಕೆ ಅದಲ್ಲದೆ ಇನ್ನೇನು ಅಂದರು,
ಎಂಟು ತಿಂಗಳು ಅನ್ನುತ್ತಲೇ ಇದ್ದರು.
ಕೊನೆಗೊಬ್ಬ ನರ್ಸು ಕುರ್ಚಿ ಹತ್ತಿರಕ್ಕೆಳೆದುಕೊಂಡು ಕೇಳಿದಳು:
ನಿಮ್ಮಲ್ಲಿ ಯಾರ್ಯಾರು ಎಷ್ಟೆಷ್ಟಕ್ಕೆ ಹೋದರು?
ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು:
ಹೆಣ್ಣಿಗೆ ದುಂಡು, ಗಂಡಿಗೆ ಚೌಕ, ಸತ್ತವರಿಗೆ ಅಡ್ಡಗೀಟು.
ಹಾಳೆ ಸಾಲದೆ ಇನ್ನೊಂದನ್ನು ಟೇಪು ಹಚ್ಚಿ ಅಂಟಿಸಿದಳು.
ಕರುಳಬಳ್ಳಿ ಅನ್ನುವುದನ್ನು ಕಣ್ಣಾರೆ ಕಂಡೆ ಅವತ್ತು,
ಗೀಟುಗಳೇ ಎಲೆಗಳಾದದ್ದು.

ಈಗ ಯಾರಾದರೂ ನನ್ನನ್ನು ಕರುಳಿಲ್ಲದವಳು ಅಂದರೆ
ಹೂಂ ಅನ್ನುತ್ತೇನೆ. ದೊಡ್ಡದು ಹೋಯಿತು, ಒಂದು ಗೇಣು ಉಳಿದಿದೆ.
ಹತ್ತು ತಿಂಗಳು ಹೊಟ್ಟೆಯ ಮೇಲೆ ಚೀಲ.
ಡ್ಯಾರಿಲನ ಮದುವೆಯಲ್ಲಿ ಕುಣಿಯುವಾಗ ಅದು ಬಿಚ್ಚಿತು
ಆ ಕತೆ ನಾಳೆ,
ನೀನು ನಗುವ ಸ್ಥಿತಿಗೆ ಬಂದ ಮೇಲೆ.

ಹೋಗಿ ಬಾ. ಓಡು.

ಬದುಕಿ ಉಳಿದದ್ದಕ್ಕೆ ಏನು ಕೊಡಬೇಕು? ಯಾರಿಗೆ?
ಚರ್ಚಿನಲ್ಲೊಂದು ಮೇಣದಬತ್ತಿ ಹಚ್ಚಿದೆ, ಮನಸ್ಸಿಗೆ ಸಾಲಲಿಲ್ಲ.
ಆ ಎರಡು ಹಾಳೆ ಹಿಡಿದು ದಂಡೆಯುದ್ದಕ್ಕೂ ಬಾಗಿಲು ತಟ್ಟಿದೆ.
ಕೆಲವರು ಚಹಾ ಕೊಟ್ಟರು. ಕೆಲವರು ನನ್ನ ಕಾರು ಕಂಡು ದೀಪ ಆರಿಸಿದರು.
ನೀನು ಸೇರಿ ಹನ್ನೆರಡು ಜನ ರಕ್ತ ಕೊಟ್ಟಿರಿ. ಆರು ಜನರಲ್ಲಿ ಇದೆ.
ಜಾಯ್ಸಲಿನ್‌ಗೆ ಇಲ್ಲ. ಇಲ್ಲವೆಂದು ತಿಳಿದ ದಿನ ಅವಳು ಅತ್ತಷ್ಟು
ಇದೆಯೆಂದು ತಿಳಿದ ದಿನ ನಾನು ಅತ್ತಿರಲಿಲ್ಲ.

ನಿನ್ನಪ್ಪ ದೋಣಿಗೆ ಬಣ್ಣ ಬಳಿಯುತ್ತಿದ್ದ, ತಿರುಗಿ ನೋಡಲಿಲ್ಲ.
ಹುಡುಕಿದರೆ ಸಿಗುತ್ತದೆ ಅಂದ, ಅಷ್ಟೇ.
ಮಗನಲ್ಲಿದೆ ಅಂದರೆ ಎಲ್ಲಿಂದ ಬಂತು ಅನ್ನುವ ಲೆಕ್ಕ
ಅವನಿಗೂ ಬರುತ್ತದೆ, ಕೋಡಿ.

ಬಂದೆಯಾ? ಮುಖ ಸುಣ್ಣವಾಗಿದೆ. ಕೂತುಕೋ.
ಇನ್ನೂ ಒಂದೂವರೆ ಲೀಟರು.
ನನ್ನ ಸರದಿ ಮಾರ್ಚಿಗೆ; ಇರಲಿ, ನನಗೂ ಒಂದು ಗುಟುಕು ಬಗ್ಗಿಸು.

ನೀನು ಒಳಗಿದ್ದಾಗ ಫೋನು ಬಂದಿತ್ತು, ರಾತ್ರಿ ಎರಡಕ್ಕೆ.
ಬಹಳ ಹೊತ್ತು ಮಾತಿಲ್ಲ. ಉಸಿರು, ಅದರ ಹಿಂದೆ ಅಲೆ;
ದೋಣಿಮನೆಯಿಂದಲೇ ಮಾಡಿರಬೇಕು.
ಎಷ್ಟು ಕುಡಿಯಬೇಕು ಅದನ್ನ, ಅಂದ.
ಅವನು ಸಾಕಷ್ಟು ಕುಡಿದಿದ್ದಾನೆ, ಅಂದೆ.
ಅವನು ಅಲ್ಲ, ಅಂದ.

ನಾಲ್ಕು ಲೀಟರು, ಅಂದೆ.
ಅವನು ಫೋನು ಇಡಲಿಲ್ಲ.