ಸವಳಿ ಸಾಕಿದ್ದು

ಘಟ್ಟದ ಮೇಲಿನವರು ಚಗಳಿ ಅಂತಾರೆ. ನಾವು ಅಂಕೋಲೆಯವರು, ಸವಳಿ.
ಮಾವಿನ ಮರ ಹತ್ತಿ, ಕೊಟ್ಟೆ ಮುರಿದು, ಕೊಡವಿ, ಹುರಿದು,
ಸೂಜಿಮೆಣಸು ಇಟ್ಟು ಅರೆದು ತಿಂದ ಬಾಯಿ ಇದು.
ಈಗ ಭಾಂಡುಪಿನ ಅಂಗಡಿಯಲ್ಲಿ
ಒಂದು ಹನಿ ಜೇನಿಗೆ ನೀರು ಬೆರೆಸಿ
ಊದುಬತ್ತಿ ಕಡ್ಡಿಯ ತುದಿಯಿಂದ ಉಣಿಸುತ್ತೇನೆ.
ನಗುವವರು ನಗಲಿ.

ಮೊದಲ ಮಳೆಯ ರಾತ್ರಿ, ಶಟರ್ ಎಳೆಯುವ ಹೊತ್ತಿಗೆ
ಟ್ಯೂಬ್‌ಲೈಟಿನ ಕೆಳಗೆ ಬಿದ್ದಿದ್ದಳು:
ಹಸಿರು ಹೊಟ್ಟೆ, ಒಂದೇ ಬದಿಗೆ ರೆಕ್ಕೆ.
ಆಚೆ ಬದಿಯದನ್ನು ತಾನೇ ಬಿಚ್ಚಿಹಾಕಿದ್ದಳು,
ಬಟ್ಟೆ ಹರಿಯದ ಹಾಗೆ ಹಳೇ ಹೊಲಿಗೆ ಬಿಚ್ಚುತ್ತೇವಲ್ಲ, ಹಾಗೆ.
ಹೋಮಿಯೋಪತಿ ಶೀಶೆ ತೊಳೆದೆ. ತಳಕ್ಕೆ ನೀರು,
ಅದರ ಮೇಲೆ ಒತ್ತಿದ ಹತ್ತಿ, ಬಾಯಿಗೂ ಹತ್ತಿ.
ಇಸ್ತ್ರಿಯ ಬಿಸಿ ತಾಗಿಯೂ ತಾಗದಷ್ಟು ದೂರದಲ್ಲಿ
ಬಾಬಿನ್ ಡಬ್ಬಿಯೊಳಗೆ ಮಲಗಿಸಿದೆ.

ನೋಡಬೇಡಿ ಚಾಚಾ, ಎಂದ ಫರ್ಹಾನ್,
ಕಾಲೇಜಿನವನು, ಪ್ಯಾಂಟಿನ ಉದ್ದ ಇಳಿಸಲು ಬಂದವನು,
ಗಾಬರಿಯಾದರೆ ಮೊಟ್ಟೆಯನ್ನು ತಾನೇ ತಿಂದುಬಿಡ್ತಾಳೆ.
ದಿನಕ್ಕೆ ಹತ್ತು ಸಲ ನೋಡಿದೆ.
ಮೂವತ್ತೊಂದನೆಯ ದಿನ ಏಳು ಮಕ್ಕಳು,
ಹಾಲು ಹೆಚ್ಚಾದ ಚಹಾದ ಬಣ್ಣ, ಮೈಗಿಂತ ಕಾಲು ಉದ್ದ.

ಆಮೇಲೆ ನನಗೆ ಹುಚ್ಚು ಹತ್ತಿತು.
ಚಕ್ಕುಲಿಯ ಭರಣಿ. ಗಟಾರದ ಪಕ್ಕ ಗೊರಟೆಯಿಂದೆದ್ದ ಮಾವಿನ ಸಸಿ,
ತಾಮ್ರದ ಬಣ್ಣದ ಐದೇ ಎಲೆ.
ಓಡಿಹೋಗದಿರಲಿ ಎಂದು ಕೆಳಗೆ ಪರಾತದ ತುಂಬ ನೀರು,
ಭರಣಿಯ ಕಂಠಕ್ಕೆ ಮುಖದ ಪೌಡರು.
ಸೊಳ್ಳೆ ಹೊಡೆದು ತಂದೆ. ಶೀಶೆಯ ಹತ್ತಿ ತೆಗೆದು ಒಳಗಿಟ್ಟು
ತನುಜಾಳನ್ನು ಕರೆದೆ: ಬಾ, ನೋಡು,
ಒಬ್ಬರ ಸೊಂಟ ಒಬ್ಬರು ಹಿಡಿದು ಎಲೆ ಎಳೆದು ಹೊಲಿಯುತ್ತವೆ,
ನಿನ್ನಪ್ಪ ಹುಟ್ಟುವ ಮೊದಲಿನ ದರ್ಜಿಗಳು.
ಶಾಲೆ ಬಿಟ್ಟು ಬಂದವಳು, ಗಿರಾಕಿಯ ಸ್ಟೂಲಿನಲ್ಲಿ ಕೂತು,
ಮುಂಗ್ಯಾ ಆಹೇತ್ ಪಪ್ಪಾ, ಎಂದಳು
ಪುಸ್ತಕದಿಂದ ತಲೆ ಎತ್ತದೆ.

ಎಲೆ ಮುಟ್ಟಲಿಲ್ಲ ಅವು.
ಸಸಿಯ ತುದಿಯವರೆಗೆ ಹೋಗಿ, ಮೂಸಿ,
ಮತ್ತೆ ಶೀಶೆಗೇ.

ಹತ್ತು ದಿನ ಕಳೆದು ಒಂದು ಭಾನುವಾರ
ಕನ್ನಡಕ ಒರೆಸಿ ಬಗ್ಗಿದರೆ
ಒಂದು ಸವಳಿ, ಬಾಯಲ್ಲಿ ನುಚ್ಚಕ್ಕಿಯಷ್ಟು ಮರಿ.
ಮರಿಯ ಮೂತಿಯನ್ನು ಗಾಜಿಗೆ ಮುಟ್ಟಿಸಿ, ಎತ್ತಿ, ಆಚೆ ಮುಟ್ಟಿಸಿ,
ಎಳೆ. ಮತ್ತೊಂದು ಎಳೆ.
ಮರಿಯೇ ಸೂಜಿ, ಮರಿಯೇ ದಾರದುಂಡೆ.
ಗಂಟಿಲ್ಲ, ಕತ್ತರಿಯಿಲ್ಲ.
ಮೂವತ್ತು ವರ್ಷ ಫಾಲ್ ಪೀಕೊ ಮಾಡಿದ ಕೈ
ತೊಡೆಯ ಮೇಲೆ ಸುಮ್ಮನೆ ಕೂತಿತು.
(ಆ ಮರಿ ತನಗೆಂದು ಗೂಡು ಸುತ್ತಿಕೊಳ್ಳುವುದಿಲ್ಲವಂತೆ,
ಬರಿಮೈಯಲ್ಲೇ ದೊಡ್ಡದಾಗುತ್ತದಂತೆ. ಫರ್ಹಾನ್ ಆಮೇಲೆ ಹೇಳಿದ.)
ಸಂಜೆಯೊಳಗೆ ಶೀಶೆಯ ಮೈ ಬೆಳ್ಳಗೆ.
ನಾನು ನೋಡುತ್ತಿದ್ದ ಬದಿಯನ್ನೇ
ಮೊದಲು ಮುಚ್ಚಿದ್ದವು.

ದೀಪಾವಳಿಯಿಂದ ಕೇಳುತ್ತಿದ್ದಳು ತನುಜಾ, ಒಂದು ಪರದೆ.
ಹತ್ತು ಬೈ ಹನ್ನೆರಡರ ಖೋಲಿಗೆ ಪರದೆಯಂತೆ!
ಇಲ್ಲಿ ಹೊರಗಿನವರು ಯಾರಿದ್ದಾರೆ, ಎಂದಿದ್ದೆ.
ಅವಳಮ್ಮನೂ ಹೌದೆಂದಿದ್ದಳು.

ಗಿರಾಕಿ ಒಯ್ಯದೆ ಬಿಟ್ಟ ನೀಲಿ ಅಸ್ತರು ಮೂಲೆಯಲ್ಲಿತ್ತು.
ರಾತ್ರಿ ಮನೆಗೆ ಒಯ್ದು ಟೇಪು ಹಿಡಿದೆ.
ಎಷ್ಟು ಬಿಡಲಿ, ಮಂಚದಷ್ಟೇ ಸಾಕಾ?
ನೆಲ ಮುಟ್ಟಲಿ, ಎಂದಳು. ಕನ್ನಡದಲ್ಲಿ.
ಎರಡು ಅಂಗುಲ ಕಡಿಮೆ ಬಿತ್ತು. ಬೇರೆ ಬಣ್ಣದ ಪಟ್ಟಿ ಜೋಡಿಸಿದೆ,
ಎದ್ದು ಕಾಣುತ್ತದೆ, ಕಾಣಲಿ.

ಶೀಶೆಯ ಬಾಯಿಗೆ ಜೇನಿಟ್ಟು ಈಚೆ ಬರುತ್ತೇನೆ ಈಗ.
ರಾಣಿ ಇದ್ದಾಳೋ ಸತ್ತಳೋ ತಿಳಿಯದು.
ಕಿವಿಯಿಟ್ಟರೆ ಏನೂ ಕೇಳಿಸದು, ಬರೀ ಹುಳಿವಾಸನೆ.
ಬೆಳಿಗ್ಗೆ ಶಟರ್ ಎತ್ತಿದಾಗ
ಹನಿ ಮಾತ್ರ ಇರುವುದಿಲ್ಲ.