ಆರಿಸು

"ನಿಮ್ಮ ಮನೆಯ ಶೈಲಿ ಯಾವುದು?" ಕೇಳಿದ
ದೀಪದಂಗಡಿಯ ಹುಡುಗ, ಕ್ಯಾಟಲಾಗು ಮಗುಚುತ್ತ.
ರಾಯಲ್ಲೋ, ಮಾಡರ್ನೋ, ವಿಂಟೇಜೋ?
ಕಾರವಾರದ ಬಸ್‌ಸ್ಟ್ಯಾಂಡಿನ ಹಿಂದೆ
ನಡುಮಧ್ಯಾಹ್ನ, ಅವನ ತಲೆಯ ಮೇಲೆ
ನೂರೆಂಟು ದೀಪ ಒಟ್ಟಿಗೇ ಉರಿಯುತ್ತಿದ್ದವು.
ಯಾವುದಕ್ಕೂ ನೆರಳಿರಲಿಲ್ಲ.

ನಾನು ಸಖಾರಾಮನ ಮುಖ ನೋಡಿದೆ.
ಅವನು ಚಪ್ಪಲಿಯ ಮುಖ ನೋಡಿದ.

ಶೈಲಿ ಅಂದರೆ ಏನು ಹೇಳಲಿ?
ಬೈತಖೋಲದ ಗುಡ್ಡದ ಬುಡ, ಎರಡು ಕೋಣೆ, ಒಂದು ಪಡಸಾಲೆ,
ಸ್ಲ್ಯಾಬು ಹಾಕಿ ಮೂರು ತಿಂಗಳು.
ಬಾಗಿಲಿಗೆ ಹಳೇ ದೋಣಿಯ ಹಲಗೆ,
ನೋಂದಣಿ ನಂಬರಿನ ಕೊನೆಯ ಎರಡಂಕಿ
ಎಷ್ಟು ಉಜ್ಜಿದರೂ ಹೋಗಿಲ್ಲ.
ಎತ್ತರ ಎಂಟೂವರೆ ಅಡಿ;
ಅದರಲ್ಲಿ ಸಖಾರಾಮ ಆರಡಿ, ಅವನ ಸಿಟ್ಟು ಇನ್ನೊಂದಡಿ,
ಮಿಕ್ಕಿದ್ದರಲ್ಲಿ ಫ್ಯಾನು ತಿರುಗಬೇಕು.

ಝೂಮರೇ ತನ್ನಿ ಅಂದಿದ್ದಳು ನಾದಿನಿ ಸುಗಂಧಾ.
ಮಡಗಾವಿನ ಅವಳ ಮನೆಯದಕ್ಕೆ ಐದು ಕೊಂಬೆ.
ಚೌತಿಗೆ ಚೌತಿಗೆ ಹರಳು ಬಿಚ್ಚಿ ಸೋಪಿನ ನೀರಲ್ಲಿ ತೊಳೆದು
ಮತ್ತೆ ಕಟ್ಟುವಾಗ
ಪ್ರತಿ ಸಲ ಒಂದು ಹರಳು ಹೆಚ್ಚು ಉಳಿಯುತ್ತದಂತೆ.

ಹುಡುಗ ಹಿತ್ತಾಳೆಯದು ತೋರಿಸಿದ.
"ಉಪ್ಪುಗಾಳಿ ತಮ್ಮಾ, ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಹಿಡಿದೀತು."
ಕಬ್ಬಿಣದ ಲಾಂದ್ರ ತೋರಿಸಿದ. ಅದು ಅಷ್ಟು ದಿನವೂ ಕಾಯುವುದಿಲ್ಲ.
ಆಮೇಲೆ ಬಿದಿರಲ್ಲಿ ಹೆಣೆದ ಬುಟ್ಟಿಯಂಥದು,
ಎರಡು ಸಾವಿರದ ನಾನೂರು.
ಅಂಥದೇ ಬುಟ್ಟಿ ತಲೆಯ ಮೇಲಿಟ್ಟು
ಇಪ್ಪತ್ತೆರಡು ವರ್ಷ ಮೀನು ಮಾರಿದ್ದೇನೆ.
ಬೆಳಕು ಸೋರುವ ಬುಟ್ಟಿ ಇದೇ ಮೊದಲು ನೋಡಿದ್ದು.
ನನ್ನದು ಕುತ್ತಿಗೆಗೆ ನೀರು ಸೋರುತ್ತಿತ್ತು.

ಚೀಲದಿಂದ ಎರಡು ಬಂಗಡೆ ತೆಗೆದೆ,
ಒಂದು ಇವತ್ತಿನದು, ಒಂದು ನಿನ್ನೆಯದು.
"ಇವುಗಳ ಮೇಲೆ ಬಿಡು ನಿನ್ನ ಬೆಳಕು."
ನಕ್ಕ. ಆಮೇಲೆ ನಗಲಿಲ್ಲ, ಬಗ್ಗಿ ನೋಡಿದ.
ಬಿಳಿಯಡಿ ನಿನ್ನೆಯದೂ ಇವತ್ತಿನಂತೆ ಹೊಳೆಯಿತು, ಸುಳ್ಳು.
ಹಳದಿಯಡಿ ಇವತ್ತಿನದೂ ನಿನ್ನೆಯದಾಯಿತು, ಅದೂ ಸುಳ್ಳು.
ನಡುವೆ ಒಂದಿತ್ತು, ನಾಲ್ಕು ಸಾವಿರ ಅಂತ ಬರೆದದ್ದು.
ಬೆಲೆಯೆಂದು ಬೆಚ್ಚಿದೆ; ಬೆಳಕಿನ ಬಣ್ಣದ ಲೆಕ್ಕವಂತೆ.
ಅದರಡಿ ಕಿವಿರು ಕಿವಿರಿನಷ್ಟೇ ಕೆಂಪು.
"ಇದು ಅಡಿಗೆಮನೆಗೆ" ಅಂದೆ.

"ಪಡಸಾಲೆಗೆ?" ಅಂದವನೇ ಗುಂಡಿ ಒತ್ತಿದ.
ದೊಡ್ಡ ಬಿಳಿ ಫಲಕವೊಂದು ಭಗ್ಗನೆ ಎದೆಗೆ ಬಂತು.
ಸಖಾರಾಮ ಅಂಗೈ ಅಡ್ಡ ಹಿಡಿದ.
"ಆರಿಸು" ಅಂದ, ಇಷ್ಟು ಹೊತ್ತಿಗೆ ಮೊದಲ ಮಾತು.
ಹುಡುಗನಿಗೆ ಖುಷಿ. ಏಣಿ ಎಳೆದ,
ಮೇಲಿನಿಂದ ಅದರ ಪೆಟ್ಟಿಗೆ ಇಳಿಸತೊಡಗಿದ.
"ಒಳ್ಳೇದನ್ನೇ ಆರಿಸಿದಿರಿ ಕಾಕಾ, ಎರಡು ವರ್ಷ ಗ್ಯಾರಂಟಿ."

ಆ ಅಂಗೈ ನನಗೆ ಗೊತ್ತು.
ದೋಣಿಯ ಬದಿಗೆ ಇಂಥವೇ ಸಾಲಾಗಿ ಕಟ್ಟಿ
ಜನರೇಟರು ಗುಡುಗಿಸಿ
ನಡುರಾತ್ರಿ ಕಡಲಿಗೆ ಹಗಲೆಂದು ನಂಬಿಸಿದ್ದರು, ಎರಡು ಹಂಗಾಮು.
ಬಂದವು. ದೊಡ್ಡವು, ಬೆರಳುದ್ದದ ಮರಿ,
ಹೊಟ್ಟೆ ತುಂಬ ತತ್ತಿಯಿದ್ದವು,
ನಮ್ಮ ಮಾತಲ್ಲಿ ಹೆಸರೇ ಇಲ್ಲದವು,
ಎಲ್ಲ ಬೆಳಕಿಗೆ ಬಂದವು.
ಬೆಳಕಿಗೆ ಬರುವುದೆಂದರೆ ಒಳ್ಳೆಯದೇ ಅಂತ
ಅದುವರೆಗೆ ನಂಬಿದ್ದೆ ನಾನು.
ಸರಕಾರ ಬೇಡವೆನ್ನುವ ಮುಂಚೆ ಅವನೇ ಇಳಿದು ಬಂದ.
ಯಾಕೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.
ದೀಪಗಳು ಗೋಣಿಯಲ್ಲಿವೆ, ಹಿತ್ತಲ ಶೆಡ್ಡಿನಲ್ಲಿ.

"ಆರಿಸು ಅಂದರೆ ನಂದಿಸು, ಮಾರಾಯಾ" ಅಂದೆ.
ಹುಡುಗ ಏಣಿಯ ಮೇಲೇ ನಿಂತ, ಪೆಟ್ಟಿಗೆ ತಬ್ಬಿಕೊಂಡು.

ಕೊನೆಗೆ ಸಿಕ್ಕಿದ್ದು ಕಪಾಟಿನ ಕೆಳಖಾನೆಯಲ್ಲಿ,
ಧೂಳು ಹಿಡಿದ ಹಾಲುಗಾಜಿನ ಗೋಡೆದೀಪ,
ಮುಷ್ಟಿಯಷ್ಟು, ಇನ್ನೂರ ಎಂಬತ್ತು.
ಕ್ಯಾಟಲಾಗಿನಲ್ಲಿ ಅದರ ಶೈಲಿಗೆ ಹೆಸರಿರಲಿಲ್ಲ.

ಸಂಜೆ ಸ್ಟೂಲು ಹತ್ತಿ ತಾನೇ ಕಟ್ಟಿದ.
ನಾನು ಸ್ವಿಚ್ಚು ಒತ್ತಿದೆ.
ಬಾಗಿಲ ಹಲಗೆಯ ಎರಡಂಕಿ ಮೊದಲು ಕಂಡವು,
ಆಮೇಲೆ ಅವನ ಮೊಣಕೈ, ಅದರ ಹಳೇ ಗಾಯ.
ಕಿಟಕಿಯಾಚೆ ಕಡಲಿಗೆ
ರಾತ್ರಿ ರಾತ್ರಿಯಾಗಿಯೇ ಇತ್ತು.

ಸುಗಂಧಾ ಫೋನಿನಲ್ಲಿ: "ಝೂಮರು ತಂದಿರಾ?"
"ಹೂಂ, ತಂದೆವು" ಅಂದೆ.
ಬಂದಾಗ ನೋಡಿಕೊಳ್ಳಲಿ.